ಕಲಿತದ್ದೊಂದು, ಕೊಟ್ಟ ಕೆಲಸ ಇನ್ನೊಂದು: ಸೇನೆಯಲ್ಲಿ ತಾಂತ್ರಿಕ ಕೌಶಲ ಏಕೆ ಬಳಕೆಗೆ ಬರುವುದಿಲ್ಲ?

ಪ್ರಶ್ನೆ: ನನ್ನ ತಮ್ಮ ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಕಲಿತು, ಮೂರು ವರ್ಷ ಅದರಲ್ಲೇ ದುಡಿದು, ಆ ಕೆಲಸವನ್ನೇ ಮಾಡಬಹುದೆಂಬ ನಂಬಿಕೆಯಿಂದ ಸೇನೆಗೆ ಸೇರಿದ. ತರಬೇತಿ ಮುಗಿದ ಮೇಲೆ ಅವನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಒಂದೂವರೆ ವರ್ಷದಿಂದ ಸಾಮಾನಿನ ಲೆಕ್ಕ ಬರೆಯುತ್ತಿದ್ದಾನೆ. ಅವನ ಯೂನಿಟ್‌ನಲ್ಲೇ ನೆಟ್‌ವರ್ಕ್ ಕೆಟ್ಟರೆ ಹೊರಗಿನವರನ್ನು ಕರೆಸುತ್ತಾರಂತೆ. ಇಷ್ಟು ಕಲಿತವನನ್ನು ಹೀಗೆ ಕೂರಿಸುವುದೇಕೆ? ಅವನು ಏನು ಮಾಡಬಹುದು? ಕೆಲಸ ಬಿಟ್ಟು ಬರುವುದೇ ಸರಿಯೇ?

ಉತ್ತರ: ನಿಮ್ಮ ತಮ್ಮನ ಅರ್ಹತೆಯನ್ನು ಯಾರೋ ಓದಿ, ತೂಗಿ ನೋಡಿ, ಬೇಡವೆಂದು ಬದಿಗಿಟ್ಟಿದ್ದಾರೆ ಎಂಬ ನೋವು ನಿಮ್ಮ ಮಾತಿನಲ್ಲಿ ಕಾಣುತ್ತದೆ. ಹಾಗೆ ಆಗಿರುವ ಸಂಭವ ಕಡಿಮೆ. ಅವನ ಹುದ್ದೆ ನಿರ್ಧಾರವಾದ ದಿನ ಆ ಅರ್ಹತೆಯನ್ನು ಬಹುಶಃ ಯಾರೂ ಓದಿಯೇ ಇಲ್ಲ. ಕೇಳಲು ಇದು ಇನ್ನಷ್ಟು ಕಹಿಯಾಗಿ ತೋರಬಹುದು, ಆದರೆ ಓದದೆ ಬಿಟ್ಟದ್ದನ್ನು ಮತ್ತೆ ಓದಿಸುವುದು ತಿರಸ್ಕರಿಸಿದ್ದನ್ನು ಒಪ್ಪಿಸುವುದಕ್ಕಿಂತ ಸುಲಭವಾದ್ದರಿಂದ ಇದನ್ನೇ ಮೊದಲು ಹೇಳುತ್ತಿದ್ದೇನೆ. ಸಿಬ್ಬಂದಿಯ ವಿಂಗಡಣೆ ಮತ್ತು ನಿಯೋಜನೆಯ ವಿಷಯವನ್ನು ಬಹುಕಾಲ ಅಭ್ಯಾಸ ಮಾಡಿದವನಾಗಿ, ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಸೇನೆ ಯಾವ ದೇಶದ್ದೇ ಆಗಿರಲಿ, ಅದು ಜನರನ್ನು ಹುದ್ದೆಗೆ ಹಚ್ಚುವುದು ಎಣಿಕೆಯ ಮೂಲಕ. ಪ್ರತಿಯೊಂದು ಯೂನಿಟ್‌ಗೂ ಇಷ್ಟು ಚಾಲಕರು, ಇಷ್ಟು ಅಡುಗೆಯವರು, ಇಷ್ಟು ಸಿಗ್ನಲ್ (ಸಂಪರ್ಕ ವ್ಯವಸ್ಥೆಯ) ಸಿಬ್ಬಂದಿ, ಇಷ್ಟು ಉಗ್ರಾಣದವರು ಎಂದು ಮಂಜೂರಾದ ಪಟ್ಟಿಯೊಂದು ಇರುತ್ತದೆ. ಒಂದು ತಂಡ ತರಬೇತಿ ಮುಗಿಸಿ ಹೊರಬರುವ ವಾರದಲ್ಲಿ ಆ ಪಟ್ಟಿಗಳಲ್ಲಿ ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಲ್ಲಿಗೆ ಆ ತಂಡದ ಜನ ಹಂಚಿಹೋಗುತ್ತಾರೆ. ಆ ವಾರ ನೆಟ್‌ವರ್ಕ್ ವಿಭಾಗದಲ್ಲಿ ಎರಡು ಜಾಗ, ಉಗ್ರಾಣದಲ್ಲಿ ನಲವತ್ತು ಜಾಗ ಖಾಲಿ ಇದ್ದರೆ, ತಂಡದಲ್ಲಿ ಹತ್ತು ಮಂದಿ ನೆಟ್‌ವರ್ಕ್ ಬಲ್ಲವರಿದ್ದರೂ ಎಂಟು ಮಂದಿ ಬೇರೆಡೆಗೆ ಹೋಗಲೇಬೇಕು. ಮೂರು ತಿಂಗಳ ನಂತರ ಅದೇ ವಿಭಾಗದಲ್ಲಿ ಇಪ್ಪತ್ತು ಜಾಗ ತೆರೆದಾಗ ಆ ಎಂಟು ಮಂದಿಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಆಗ ತರಬೇತಿ ಮುಗಿಸುತ್ತಿರುವ ಹೊಸ ತಂಡದಿಂದ ಇಪ್ಪತ್ತು ಜನರನ್ನು ತುಂಬಿಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ತಪ್ಪು ನಡೆಯುವುದು ಈ ಎರಡನೆಯ ಹಂತದಲ್ಲಿ. ಮೊದಲ ನಿಯೋಜನೆ ತಪ್ಪುವುದಕ್ಕೆ ಕಾರಣಗಳಿವೆ, ಅದನ್ನು ಪೂರ್ತಿ ತಡೆಯಲೂ ಆಗದು. ಆದರೆ ಒಮ್ಮೆ ಹಾಕಿದ ಮನುಷ್ಯನನ್ನು ಮತ್ತೆ ತಿರುಗಿ ನೋಡದೆ ಇರುವುದಕ್ಕೆ ಅಂಥ ಕಾರಣವೇನೂ ಇಲ್ಲ.

ಇನ್ನು, ಹೇಳಿಕೊಂಡ ಕೌಶಲವನ್ನು ಸೇನೆ ಏಕೆ ಹಾಗೆಯೇ ಒಪ್ಪಿಕೊಳ್ಳುವುದಿಲ್ಲ ಎಂಬುದಕ್ಕೆ ನೂರು ವರ್ಷಗಳಿಗೂ ಹಳೆಯ ಹಿನ್ನೆಲೆಯಿದೆ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಲಕ್ಷಾಂತರ ಜನರನ್ನು ಕೆಲವೇ ತಿಂಗಳಲ್ಲಿ ಹುದ್ದೆಗಳಿಗೆ ಹಂಚಬೇಕಾಯಿತು. ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ ಅವರ ತಂಡ ಓದುಬರಹ ಬಲ್ಲವರಿಗೆ ಆಲ್ಫಾ, ಬಾರದವರಿಗೆ ಬೀಟಾ ಎಂಬ ಎರಡು ಬುದ್ಧಿಪರೀಕ್ಷೆಗಳನ್ನು ರೂಪಿಸಿ ಸುಮಾರು 17 ಲಕ್ಷ ಜನರನ್ನು ಪರೀಕ್ಷಿಸಿತು. ಇತಿಹಾಸದಲ್ಲಿ ಹೆಸರಾದದ್ದು ಇದೇ. ಆದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಅದೇ ಸಮಯದಲ್ಲಿ ಇನ್ನೊಬ್ಬ ಮನೋವಿಜ್ಞಾನಿ ವಾಲ್ಟರ್ ಡಿಲ್ ಸ್ಕಾಟ್ ಅವರ ಮುಂದಾಳುತನದಲ್ಲಿ ನಡೆದ, ಅಷ್ಟೇನೂ ಪ್ರಸಿದ್ಧವಲ್ಲದ ಇನ್ನೊಂದು ಕೆಲಸ. ಸ್ಕಾಟ್ ಅವರ ಸಮಿತಿ ಪ್ರತಿಯೊಬ್ಬ ಸೈನಿಕನಿಗೂ ಒಂದು ಅರ್ಹತಾ ಕಾರ್ಡ್ ಮಾಡಿಸಿ, ಹಿಂದೆ ಮಾಡಿದ ಕಸುಬನ್ನು ಅದರಲ್ಲಿ ಬರೆಸಿತು. ಬರೆಸಿದ ಮೇಲೆ ಒಂದು ತೊಡಕು ಎದುರಾಯಿತು: ತಾನು ಮೆಕ್ಯಾನಿಕ್ ಎಂದವರೆಲ್ಲರೂ ಮೆಕ್ಯಾನಿಕ್‌ಗಳಾಗಿರಲಿಲ್ಲ. ಕಂದಕದ ಬದಲು ವರ್ಕ್‌ಶಾಪ್ ಸಿಗುತ್ತದೆ ಎಂಬ ಆಸೆಯಿಂದ ಹೇಳಿದವರೂ ಇದ್ದರು, ತಮಗೆ ಬರುತ್ತದೆ ಎಂದು ನಿಜವಾಗಿಯೂ ನಂಬಿದ್ದವರೂ ಇದ್ದರು. ಆದ್ದರಿಂದ ಕಸುಬು ಪರೀಕ್ಷೆಗಳು ಹುಟ್ಟಿಕೊಂಡವು. ಬಾಯಿಮಾತಿನ ಪ್ರಶ್ನೆಗಳು, ಉಪಕರಣದ ಚಿತ್ರ ತೋರಿಸಿ ಕೇಳುವ ಪ್ರಶ್ನೆಗಳು, ಕೈಯಿಂದ ಮಾಡಿ ತೋರಿಸಬೇಕಾದ ಕೆಲಸಗಳು ಎಂದು ಅವು ಮೂರು ಬಗೆಯವಾಗಿದ್ದವು. ಇಂದಿಗೂ ಸೇನೆಗಳಲ್ಲಿ ನಡೆಯುವ ಟ್ರೇಡ್ ಟೆಸ್ಟ್‌ಗಳು (ಕಸುಬಿನ ಪರೀಕ್ಷೆಗಳು) ಇದೇ ಜಾಡಿನಲ್ಲಿ ಬಂದವು. ನಿಮ್ಮ ತಮ್ಮ ಭರ್ತಿಯ ಸಮಯದಲ್ಲಿ ತನ್ನ ಅನುಭವವನ್ನು ಹೇಳಿಕೊಂಡಿದ್ದರೂ, ಅದು ಸೇನೆಯೇ ನಡೆಸಿದ ಅಥವಾ ಒಪ್ಪಿದ ಪರೀಕ್ಷೆಯ ಮೂಲಕ ದಾಖಲೆಗೆ ಏರಿಲ್ಲವಾದರೆ, ದಾಖಲೆಯ ಮಟ್ಟಿಗೆ ಅದು ಇನ್ನೂ ಒಂದು ಹೇಳಿಕೆ ಮಾತ್ರ.

ಇದರ ಜೊತೆಗೆ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಭರ್ತಿಯ ಸಮಯದ ಪರೀಕ್ಷೆಗಳು ಹೆಚ್ಚಾಗಿ ಅಳೆಯುವುದು ಕಲಿಯುವ ಶಕ್ತಿಯನ್ನು, ಕಲಿತು ಮುಗಿಸಿದ್ದನ್ನಲ್ಲ. ಅಮೆರಿಕದ ಸೇನಾಪಡೆಗಳೆಲ್ಲ 1976ರಿಂದ ಒಂದೇ ಸಾಮಾನ್ಯ ಪರೀಕ್ಷೆಯನ್ನು ಬಳಸುತ್ತಿವೆ. ಅಂಕಗಣಿತ, ಪದಜ್ಞಾನ, ಎಲೆಕ್ಟ್ರಾನಿಕ್ಸ್, ಯಂತ್ರಗಳ ತಿಳಿವಳಿಕೆ ಮುಂತಾದ ಭಾಗಗಳ ಅಂಕಗಳನ್ನು ಕೂಡಿಸಿ, ಅಭ್ಯರ್ಥಿ ಯಾವ ಬಗೆಯ ಹುದ್ದೆಯ ತರಬೇತಿಗೆ ತಕ್ಕವನು ಎಂದು ಅದರಿಂದ ನಿರ್ಧರಿಸುತ್ತಾರೆ. ಆ ಪರೀಕ್ಷೆಯ ಅಂಕಗಳನ್ನು ಹೋಲಿಸುವ ಮಾನದಂಡವೇ 1976ರಿಂದ 1980ರವರೆಗೆ ತಪ್ಪಾಗಿತ್ತು. ಕಡಿಮೆ ಅಂಕದವರು ಹೆಚ್ಚು ಪಡೆದಂತೆ ತೋರಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಳಬಂದಿದ್ದರು ಎಂಬುದು ಬೆಳಕಿಗೆ ಬಂದಾಗ, ಪರೀಕ್ಷೆಯ ಅಂಕಕ್ಕೂ ಹುದ್ದೆಯಲ್ಲಿನ ಕೆಲಸಕ್ಕೂ ಇರುವ ಸಂಬಂಧವನ್ನು ಮತ್ತೆ ಶೋಧಿಸಬೇಕಾಯಿತು. ಎಂಬತ್ತರ ದಶಕದಲ್ಲಿ ಅಮೆರಿಕದ ಭೂಸೇನೆ ನಡೆಸಿದ, ಪ್ರಾಜೆಕ್ಟ್ ಎ ಎಂಬ ಹೆಸರಿನ ದೀರ್ಘ ಅಧ್ಯಯನದಲ್ಲಿ ಕಂಡುಬಂದದ್ದು ಇದು: ತಾಂತ್ರಿಕ ಕೆಲಸವನ್ನು ಒಬ್ಬನು ಎಷ್ಟು ಚೆನ್ನಾಗಿ ಮಾಡಬಲ್ಲ ಎಂಬುದನ್ನು ಬುದ್ಧಿಶಕ್ತಿಯ ಪರೀಕ್ಷೆಗಳು ಸಾಕಷ್ಟು ಸರಿಯಾಗಿ ಮುಂಗಾಣುತ್ತವೆ, ಆದರೆ ಅವನು ಎಷ್ಟು ಶ್ರದ್ಧೆಯಿಂದ, ಎಷ್ಟು ಶಿಸ್ತಿನಿಂದ ಮಾಡುತ್ತಾನೆ ಎಂಬುದನ್ನು ಸ್ವಭಾವ ಮತ್ತು ಒಲವನ್ನು ಅಳೆಯುವ ಸಾಧನಗಳೇ ಚೆನ್ನಾಗಿ ತಿಳಿಸುತ್ತವೆ. ಮಾಡಬಲ್ಲವನೇ ಬೇರೆ, ಮನಸ್ಸಿಟ್ಟು ಮಾಡುವವನೇ ಬೇರೆ. ತನಗೆ ಬರುವ ಕೆಲಸದಿಂದ ದೂರವಿಟ್ಟ ಮನುಷ್ಯನಲ್ಲಿ ಮೊದಲು ಸೊರಗುವುದು ಈ ಎರಡನೆಯದು, ಮತ್ತು ಸೊರಗಿದ ಮೇಲೆ ಅದನ್ನೇ ಅವನ ಕೊರತೆಯೆಂದು ವಾರ್ಷಿಕ ವರದಿಯಲ್ಲಿ ಬರೆಯುವ ಅಪಾಯವಿದೆ. ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಇದೇ.

ಈ ಸಮಸ್ಯೆಯನ್ನು ಒಂದು ದೇಶ ನೇರವಾಗಿ ಎದುರಿಸಿದ ಉದಾಹರಣೆ ಬೇಕಾದರೆ ಎರಡನೆಯ ಮಹಾಯುದ್ಧದ ಬ್ರಿಟನ್ನನ್ನು ನೋಡಬೇಕು. ಕಾರ್ಖಾನೆಗಳಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ತೀವ್ರ ಅಭಾವವಿದ್ದ ಹೊತ್ತಿನಲ್ಲಿ, ಸೇನೆ ತನ್ನೊಳಗೆ ಈಗಾಗಲೇ ಇರುವ ಅಂಥವರನ್ನು ಸರಿಯಾಗಿ ಬಳಸುತ್ತಿದೆಯೇ ಎಂಬ ಪ್ರಶ್ನೆ ಎದ್ದಿತು. ಅದನ್ನು ವಿಚಾರಿಸಲು 1941ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಕುಶಲ ಕೆಲಸಗಾರರು ಕೌಶಲವೇ ಬೇಡದ ಕೆಲಸಗಳಲ್ಲಿ ಉಳಿದುಹೋಗಿರುವುದು ಸಮಿತಿಗೆ ಕಂಡಿತು. ಅದಕ್ಕೆ ಒಂದು ಮುಖ್ಯ ಕಾರಣ ಸೇರ್ಪಡೆಯ ಪದ್ಧತಿಯಲ್ಲೇ ಇತ್ತು. ಮನುಷ್ಯ ಸೇರುತ್ತಿದ್ದುದು ಸೇನೆಗಲ್ಲ, ಯಾವುದೋ ಒಂದು ರೆಜಿಮೆಂಟಿಗೆ ಅಥವಾ ಕೋರ್‌ಗೆ, ಅಂದರೆ ಒಂದು ಬಗೆಯ ಕೆಲಸಕ್ಕೆ ಮೀಸಲಾದ ಸೇನಾ ವಿಭಾಗಕ್ಕೆ. ಅವನಿಗೆ ಏನು ಬರುತ್ತದೆಂದು ತಿಳಿಯುವ ಮೊದಲೇ ಅವನು ಅದರ ಸೊತ್ತಾಗಿಬಿಡುತ್ತಿದ್ದ. ಹಾಗಾಗಿ ಮೊದಲು ಸೇನೆಗೆ ಸೇರಿಸಿಕೊಂಡು, ಪರೀಕ್ಷಿಸಿ, ಆಮೇಲೆ ಎಲ್ಲಿಗೆ ಎಂದು ನಿರ್ಧರಿಸಬೇಕು ಎಂದು ಸಮಿತಿ ಸಲಹೆ ಕೊಟ್ಟಿತು. 1942ರ ಜುಲೈಯಿಂದ ಹೊಸಬರು ಮೊದಲ ಆರು ವಾರ ಜನರಲ್ ಸರ್ವಿಸ್ ಕೋರ್ ಎಂಬ ಸಾಮಾನ್ಯ ದಳದಲ್ಲಿ ಪ್ರಾಥಮಿಕ ತರಬೇತಿ ಪಡೆದು, ಪರೀಕ್ಷೆಗಳನ್ನು ಬರೆದು, ಅನಂತರವೇ ಹಂಚಿಕೆಯಾಗತೊಡಗಿದರು. ಅದೇ ವರ್ಷ ಅಕ್ಟೋಬರ್ 1ರಂದು, ಬೇರೆ ಬೇರೆ ಕೋರ್‌ಗಳಲ್ಲಿ ಚದುರಿದ್ದ ದುರಸ್ತಿ ಕೆಲಸಗಾರರನ್ನು ಒಂದೆಡೆ ತಂದು, ರಾಯಲ್ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ಎಂಬ ಹೊಸ ಕೋರ್ ಕಟ್ಟಿದರು. ಆ ಕೋರ್ ಇಂದಿಗೂ ಇದೆ. ಕುಶಲ ಜನರನ್ನು ಹೊಸದಾಗಿ ಎಲ್ಲಿಂದಲೂ ತರದೆ, ಇದ್ದವರನ್ನು ಪತ್ತೆಹಚ್ಚಿ ಸರಿಯಾದ ಜಾಗಕ್ಕೆ ಸರಿಸಿಯೇ ಇಷ್ಟನ್ನು ಮಾಡಬಹುದಾಗಿತ್ತು ಎಂಬುದು ಈ ಉದಾಹರಣೆಯ ಮಹತ್ವ.

ಅಮೆರಿಕದಲ್ಲೂ ಇದೇ ಯುದ್ಧದಲ್ಲಿ ಇಂಥ ಹುಡುಕಾಟ ನಡೆಯಿತು. ಪರಮಾಣು ಬಾಂಬಿನ ಮ್ಯಾನ್‌ಹಟನ್ ಯೋಜನೆಗೆ ತಾಂತ್ರಿಕ ಕೈಗಳು ಸಾಲದಾದಾಗ, ಆಗಲೇ ಸಮವಸ್ತ್ರ ತೊಟ್ಟಿದ್ದ ಮೆಕ್ಯಾನಿಸ್ಟರು, ಎಲೆಕ್ಟ್ರಿಷಿಯನ್‌ಗಳು, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಓದಿದ ಸಾಮಾನ್ಯ ಸೈನಿಕರನ್ನು ಬೇರೆ ಬೇರೆ ಕಡೆಗಳಿಂದ ಆರಿಸಿ ತಂದು, 1943ರಲ್ಲಿ ಸ್ಪೆಷಲ್ ಎಂಜಿನಿಯರ್ ಡಿಟ್ಯಾಚ್‌ಮೆಂಟ್ ಎಂಬ ತುಕಡಿಯನ್ನು ಮಾಡಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸೇನೆಗಳಿಗೂ ಅನ್ವಯಿಸುತ್ತದೆ, ಆದರೆ ನಿಜವಾದ ಅಗತ್ಯ ಬಿದ್ದಾಗ, ಮತ್ತು ಅಧಿಕಾರವಿರುವ ಯಾರಾದರೂ ಹುಡುಕಲು ಹೊರಟಾಗ, ಆ ಗಿಡ ಕಣ್ಣಿಗೆ ಬೀಳುತ್ತದೆ.

ಆದರೂ ಪ್ರತಿ ಹೊಂದಾಣಿಕೆಯ ಕೊರತೆಯೂ ಅನ್ಯಾಯವಲ್ಲ ಎಂಬುದನ್ನು ಹೇಳದೆ ಬಿಟ್ಟರೆ ನನ್ನ ಉತ್ತರ ಅರ್ಧವಾಗುತ್ತದೆ. ಅದೇ ಅಮೆರಿಕದ ಸೇನೆ ಚುರುಕಾದ ತರುಣರನ್ನು ಆರಿಸಿ, ಎಂಜಿನಿಯರಿಂಗ್, ಭಾಷೆ, ವೈದ್ಯಕೀಯ ಕಲಿಯಲು ವಿಶ್ವವಿದ್ಯಾಲಯಗಳಿಗೆ ಕಳಿಸುವ ವಿಶೇಷ ತರಬೇತಿ ಕಾರ್ಯಕ್ರಮವೊಂದನ್ನು ನಡೆಸುತ್ತಿತ್ತು. 1944ರ ಆರಂಭದಲ್ಲಿ, ಯುರೋಪಿನ ಮೇಲಿನ ದಾಳಿಗೆ ಕಾಲಾಳುಗಳು ಸಾಲದೆಂದು ತೋರಿದಾಗ, ಸುಮಾರು 30,000 ಜನರನ್ನು ಮಾತ್ರ ತರಗತಿಗಳಲ್ಲಿ ಉಳಿಸಿಕೊಂಡು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪಡೆಗಳಿಗೆ ಕಳಿಸಿಬಿಟ್ಟರು. ಆ ಹುಡುಗರಿಗೆ ಕೊಟ್ಟ ಮಾತು ಮುರಿದುಹೋಯಿತು ಎಂಬುದು ನಿಜ. ಯುದ್ಧ ಆ ತಿಂಗಳಲ್ಲಿ ಕೇಳಿದ್ದು ಎಂಜಿನಿಯರುಗಳನ್ನಲ್ಲ ಎಂಬುದೂ ನಿಜ. ಹಾಗೆ ತರಗತಿಯಿಂದ ಹೊರಬಿದ್ದು 84ನೆಯ ಕಾಲಾಳು ಡಿವಿಷನ್ನಿಗೆ ಹೋದವರಲ್ಲಿ ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದ ಹೆನ್ರಿ ಕಿಸಿಂಜರ್ ಒಬ್ಬರು. ಜರ್ಮನ್ ಅವರ ತಾಯಿನುಡಿ. ಅವರಿಗೆ ಆ ಭಾಷೆಯ ಬಳಕೆಯಿರುವ ಕೆಲಸ ಸಿಕ್ಕಿದ್ದು ಯಾವ ಕಾರ್ಡಿನಿಂದಲೂ ಅಲ್ಲ, ಅದೇ ಡಿವಿಷನ್ನಿನಲ್ಲಿದ್ದ ಫ್ರಿಟ್ಜ್ ಕ್ರೇಮರ್ ಎಂಬವರು ಅವರನ್ನು ಗುರುತಿಸಿ ಶಿಫಾರಸು ಮಾಡಿದ್ದರಿಂದ. ನಾನು ಮುಂದೆ ಕೊಡಲಿರುವ ಸಲಹೆಗೆ ಈ ಸಂಗತಿ ಬೇಕಾಗುತ್ತದೆ, ನೆನಪಿನಲ್ಲಿಡಿ.

ಹುದ್ದೆಯ ಹೆಸರು ಕೌಶಲಕ್ಕೆ ಹೊಂದಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದೂ ತಿಳಿಯಬಾರದು. ಧಾತುಗಳ ಪರಮಾಣು ಸಂಖ್ಯೆಗೆ ಭೌತಿಕ ಆಧಾರವನ್ನು 1913ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟ ಬ್ರಿಟನ್ನಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಮೊದಲ ಮಹಾಯುದ್ಧದಲ್ಲಿ ತಾವಾಗಿಯೇ ಹಟಹಿಡಿದು ರಾಯಲ್ ಎಂಜಿನಿಯರ್ಸ್ ಸೇರಿದರು, ಸಿಗ್ನಲ್ ಅಧಿಕಾರಿಯಾದರು, 1915ರ ಆಗಸ್ಟ್‌ನಲ್ಲಿ ಗಲಿಪೋಲಿಯಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಭೌತವಿಜ್ಞಾನಿಯನ್ನು ಸಿಗ್ನಲ್ ವಿಭಾಗಕ್ಕೆ ಹಾಕುವುದು ಕಾಗದದ ಮೇಲೆ ತಕ್ಕ ನಿಯೋಜನೆಯೇ. ಆದರೆ ಆ ಕೆಲಸವನ್ನು ಕೆಲವು ತಿಂಗಳ ತರಬೇತಿ ಪಡೆದ ಇನ್ನೊಬ್ಬ ಮಾಡಬಹುದಿತ್ತು, ಮೋಸ್ಲಿ ಮಾಡಬಹುದಾಗಿದ್ದ ಕೆಲಸವನ್ನು ಇನ್ನೊಬ್ಬ ಮಾಡಲಾಗುತ್ತಿರಲಿಲ್ಲ. ನಿಮ್ಮ ತಮ್ಮನಿಗೂ ನಾಳೆ ಸಿಗ್ನಲ್ ವಿಭಾಗಕ್ಕೆ ವರ್ಗವಾಗಿ, ಅಲ್ಲಿ ದೂರವಾಣಿ ದಾಖಲೆ ಬರೆಯುವ ಕೆಲಸವೇ ಸಿಗಬಹುದು. ಆದ್ದರಿಂದ ಅವನು ಕೇಳಬೇಕಾದದ್ದು ವಿಭಾಗದ ಹೆಸರನ್ನಲ್ಲ, ಮಾಡುವ ಕೆಲಸವನ್ನು.

ಬಡ್ತಿಯ ತೊಡಕನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅದು ಅವನಿಗೆ ಇನ್ನೂ ದೂರವಿದೆ. ಸೇನೆಯಲ್ಲಿ ಮೇಲೇರುವುದೆಂದರೆ ಜನರನ್ನು ನಡೆಸುವುದು, ಉಪಕರಣದಿಂದ ದೂರವಾಗುವುದು. ಅಮೆರಿಕದ ಭೂಸೇನೆ 1955ರಲ್ಲಿ ತಾಂತ್ರಿಕ ಕೆಲಸಗಾರರಿಗೆಂದು ಸ್ಪೆಷಲಿಸ್ಟ್ ಎಂಬ ಪ್ರತ್ಯೇಕ ಶ್ರೇಣಿಗಳನ್ನು ಮಾಡಿ, 1985ರ ಹೊತ್ತಿಗೆ ಒಂದನ್ನು ಬಿಟ್ಟು ಉಳಿದವನ್ನೆಲ್ಲ ತೆಗೆದುಹಾಕಿತು. ಅಲ್ಲಿನ ವಾಯುಸೇನೆ 1959ರಲ್ಲಿ ವಾರಂಟ್ ಆಫೀಸರ್ (ಸೈನಿಕರಿಗೂ ಅಧಿಕಾರಿಗಳಿಗೂ ನಡುವಿನ, ತಾಂತ್ರಿಕ ಪರಿಣತರ ಶ್ರೇಣಿ) ನೇಮಕಾತಿಯನ್ನು ನಿಲ್ಲಿಸಿ, 2024ರಲ್ಲಿ ಮಾಹಿತಿ ತಂತ್ರಜ್ಞಾನ ಮತ್ತು ಸೈಬರ್ ಕೆಲಸಗಳಿಗಾಗಿ ಮತ್ತೆ ಆರಂಭಿಸಿತು. ನೆಟ್‌ವರ್ಕ್ ಬಲ್ಲವರನ್ನು ಅದೇ ಕೆಲಸದಲ್ಲಿ ಉಳಿಸಿಕೊಳ್ಳಬೇಕೆಂಬ ಅಗತ್ಯ ಸೇನೆಗಳಿಗೆ ಈಗ ಅಷ್ಟರಮಟ್ಟಿಗೆ ಮನವರಿಕೆಯಾಗಿದೆ. ಅಮೆರಿಕದ ಭೂಸೇನೆ 2019ರಿಂದ ಅಧಿಕಾರಿಗಳೂ ಯೂನಿಟ್‌ಗಳೂ ಒಬ್ಬರನ್ನೊಬ್ಬರು ಆದ್ಯತೆಯ ಕ್ರಮದಲ್ಲಿ ಸೂಚಿಸಿ, ಗಣಿತದ ಸೂತ್ರವೊಂದರಿಂದ ಜೋಡಿ ಹೊಂದಿಸುವ ವ್ಯವಸ್ಥೆಯನ್ನೂ ತಂದಿದೆ. ಒಳ್ಳೆಯ ಹೆಜ್ಜೆ, ಆದರೆ ಅಲ್ಲಿಯೂ ತನ್ನ ಕೌಶಲವನ್ನು ಸ್ಪಷ್ಟವಾಗಿ ಬರೆಯದವನನ್ನು ಯಾವ ಸೂತ್ರವೂ ಕಂಡುಹಿಡಿಯಲಾರದು.

ಈಗ ನಿಮ್ಮ ತಮ್ಮ ಮಾಡಬಹುದಾದ ಕೆಲಸಕ್ಕೆ ಬರೋಣ. ಅವನು ಮೊದಲು ತನ್ನ ಸೇವಾ ದಾಖಲೆಯನ್ನು ಕಣ್ಣಾರೆ ನೋಡಬೇಕು. ಶಿಕ್ಷಣದ ಕಾಲಂನಲ್ಲಿ ಏನಿದೆ, ನಾಗರಿಕ ಅನುಭವದ ಕಾಲಂ ಭರ್ತಿಯಾಗಿದೆಯೇ, ಪ್ರಮಾಣಪತ್ರಗಳ ಪ್ರತಿಗಳು ಸೇರಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಖಾಲಿ ಇದ್ದರೆ ತಿದ್ದುಪಡಿಗೆ ಲಿಖಿತ ಮನವಿ ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು. ಅಲ್ಲಿ "ನೆಟ್‌ವರ್ಕ್ ಕೆಲಸದಲ್ಲಿ ಪರಿಣತ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಯಂತ್ರಗಳಿದ್ದ ಜಾಲವನ್ನು ನೋಡಿಕೊಂಡ, ಯಾವ ಬಗೆಯ ಉಪಕರಣಗಳನ್ನು ಜೋಡಿಸಿದ, ದೋಷ ಬಂದಾಗ ಸ್ವತಂತ್ರವಾಗಿ ಸರಿಪಡಿಸಿದನೇ ಅಥವಾ ಇನ್ನೊಬ್ಬರ ಕೈಕೆಳಗೆ ಮಾಡಿದನೇ ಎಂದು ಬರೆಯಬೇಕು. 1955ರಲ್ಲಿ, ಇನ್ನೂ 21ರ ಹರೆಯದಲ್ಲಿದ್ದ, ಮುಂದೆ ಹೆಸರಾಂತ ಮನೋವಿಜ್ಞಾನಿಯಾದ ಡೇನಿಯಲ್ ಕಾನಮನ್ ಇಸ್ರೇಲ್ ಸೇನೆಯ ಆಯ್ಕೆ ಸಂದರ್ಶನವನ್ನು ತಿದ್ದಿ ಬರೆದಾಗ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: ಒಟ್ಟು ಅಭಿಪ್ರಾಯ ಕೇಳುವುದನ್ನು ಬಿಟ್ಟು, ಅಭ್ಯರ್ಥಿ ಹಿಂದೆ ಏನೇನು ಮಾಡಿದ್ದ ಎಂಬ ಸಂಗತಿಗಳನ್ನು ಕೇಳಿ, ಒಂದೊಂದು ಗುಣಕ್ಕೂ ಬೇರೆಬೇರೆಯಾಗಿ ಅಂಕ ಕೊಡಿಸಿದರು. ಓದುವ ಅಧಿಕಾರಿಗೆ ತೀರ್ಮಾನವನ್ನು ಕೊಡಬೇಡಿ, ತೀರ್ಮಾನಿಸಲು ಬೇಕಾದ ವಿವರ ಕೊಡಿ.

ದಾಖಲೆ ಸರಿಯಾದ ಮೇಲೆ ಟ್ರೇಡ್ (ಸೇನೆಯಲ್ಲಿ ಗೊತ್ತುಮಾಡಿದ ಕಸುಬು) ಬದಲಾವಣೆಯ ನಿಯಮವನ್ನು ವಿಚಾರಿಸಬೇಕು. ಕನಿಷ್ಠ ಎಷ್ಟು ಸೇವೆ ಆಗಿರಬೇಕು, ಟ್ರೇಡ್ ಟೆಸ್ಟ್‌ಗೆ ಯಾರು ಹೆಸರು ಕಳಿಸಬೇಕು, ವರ್ಷದಲ್ಲಿ ಯಾವಾಗ ಅವಕಾಶ ತೆರೆಯುತ್ತದೆ ಎಂಬುದು ಅವನ ಸೇನೆಯ ನಿಯಮಾವಳಿಯಲ್ಲಿ ಬರೆದಿರುತ್ತದೆ, ಯೂನಿಟ್‌ನ ಕಚೇರಿಯಲ್ಲಿ ಸಿಗುತ್ತದೆ. ಖಾಲಿ ಹುದ್ದೆಗಳ ಪಟ್ಟಿ ಸಿದ್ಧವಾಗುವ ಮೊದಲೇ ಮನವಿ ಅಧಿಕಾರಿಯ ಮೇಜಿನ ಮೇಲಿರಬೇಕು. ಹಂಚಿಕೆ ಮುಗಿದ ಮೇಲೆ ತಲುಪಿದರೆ ಮುಂದಿನ ಸುತ್ತಿನವರೆಗೆ ಕಾಯಬೇಕಾಗುತ್ತದೆ.

ಮೂರನೆಯದಾಗಿ, ಅವನಿಗೂ ಒಬ್ಬ ಕ್ರೇಮರ್ ಬೇಕು. ಸಿಗ್ನಲ್ ಅಥವಾ ನೆಟ್‌ವರ್ಕ್ ವಿಭಾಗದಲ್ಲಿರುವ ಹಿರಿಯರೊಬ್ಬರನ್ನು ಪರಿಚಯ ಮಾಡಿಕೊಂಡು, ತನ್ನ ಮೇಲಧಿಕಾರಿಯ ಅನುಮತಿಯಿಂದ ಅಲ್ಲಿ ಬಿಡುವಿನ ವೇಳೆ ಸಹಾಯ ಮಾಡಲು ಕೇಳಿಕೊಳ್ಳಬಹುದು. "ಈತ ನಮಗೆ ಬೇಕು" ಎಂದು ಆ ವಿಭಾಗವೇ ಬರೆದು ಕೇಳುವುದಕ್ಕೂ, "ನನಗೆ ಅಲ್ಲಿಗೆ ಹೋಗಬೇಕು" ಎಂದು ಅವನು ಬರೆಯುವುದಕ್ಕೂ ಬಹಳ ಅಂತರವಿದೆ. ಹಾಗೆಯೇ ಅವನ ಈಗಿನ ಮೇಲಧಿಕಾರಿಯ ಕಷ್ಟವನ್ನೂ ನೋಡಬೇಕು. ಅವನು ಹೋದರೆ ಉಗ್ರಾಣದಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಅದು ಯಾವಾಗ ತುಂಬುವುದೆಂದು ಆ ಅಧಿಕಾರಿಗೆ ಗೊತ್ತಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬನಿಗೆ ಪೂರ್ತಿ ಕಲಿಸಿ, ಲೆಕ್ಕ ಒಪ್ಪಿಸಲು ಸಿದ್ಧನಾಗಿರುವವನ ಮನವಿಗೆ ಸಹಿ ಹಾಕುವುದು ಸುಲಭ. ಕೆಲಸದಲ್ಲಿ ಅಸಡ್ಡೆ ತೋರಿ ವರ್ಗ ಪಡೆಯುತ್ತೇನೆ ಎಂದು ಎಣಿಸಿದವರು ಅದೇ ಉಗ್ರಾಣದಲ್ಲಿ ಕೆಟ್ಟ ವರದಿಯೊಂದಿಗೆ ಉಳಿದುಹೋಗುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನೆಟ್‌ವರ್ಕ್ ಕೆಟ್ಟು, ಹೊರಗಿನವರು ಬರುವುದು ತಡವಾದಾಗ, ತಾನೇ ಹೋಗಿ ಸರಿಮಾಡಿ ತೋರಿಸುವ ಆಸೆ ಅವನಿಗೆ ಬಂದೀತು. ಅಧಿಕೃತ ಅನುಮತಿಯಿಲ್ಲದೆ ಸೇನೆಯ ಜಾಲವನ್ನು ಮುಟ್ಟುವುದು, ಎಷ್ಟೇ ಒಳ್ಳೆಯ ಉದ್ದೇಶದಿಂದ ಆಗಿರಲಿ, ಭದ್ರತೆಯ ಉಲ್ಲಂಘನೆಯಾಗುತ್ತದೆ, ಮತ್ತು ಅವನು ಬಯಸುವ ವಿಭಾಗದ ಬಾಗಿಲನ್ನೇ ಶಾಶ್ವತವಾಗಿ ಮುಚ್ಚಬಹುದು. ಹೊರಗಿನವರನ್ನು ಕರೆಸುವುದಕ್ಕೂ ಸಾಮಾನ್ಯವಾಗಿ ನಿರ್ವಹಣಾ ಒಪ್ಪಂದ, ಉಪಕರಣದ ಖಾತರಿ, ಪ್ರವೇಶದ ಪರವಾನಗಿ ಎಂಬ ಕಾರಣಗಳಿರುತ್ತವೆ. ಒಳಗಿನವನ ಜಾಣ್ಮೆಯ ಮೇಲಿನ ಅಪನಂಬಿಕೆಯಿಂದಲೇ ಹಾಗೆ ಮಾಡುತ್ತಾರೆಂದು ತಿಳಿಯಬೇಕಿಲ್ಲ. ಮನೆಯವರಾಗಿ ನೀವೂ ಮೇಲಿನ ಕಚೇರಿಗಳಿಗೆ ನೇರವಾಗಿ ಪತ್ರ ಬರೆಯಬೇಡಿ. ಅವನ ಮನವಿ ಅವನ ಕೈಯಿಂದ, ಅವನ ಮೇಲಧಿಕಾರಿಯ ಮೂಲಕವೇ ಮೇಲೆ ಹೋಗಬೇಕು.

ಬಿಟ್ಟು ಬರುವುದೇ ಎಂಬ ಪ್ರಶ್ನೆಗೆ ಭಾವನೆಯಿಂದಲ್ಲ, ಕಾಲದ ಲೆಕ್ಕದಿಂದ ಉತ್ತರಿಸುವುದು ಒಳ್ಳೆಯದು. ಸೇವಾ ಒಪ್ಪಂದದ ಅವಧಿಗೆ ಮೊದಲೇ ಹೊರಬರುವುದು ಬಹುತೇಕ ಸೇನೆಗಳಲ್ಲಿ ಅವನ ಇಚ್ಛೆಗೆ ಬಿಟ್ಟ ವಿಷಯವೇ ಅಲ್ಲ. ಅವನ ಕೈಯಲ್ಲಿರುವುದು ಕೌಶಲವನ್ನು ಉಳಿಸಿಕೊಳ್ಳುವುದು. ಹಲವು ಹಂತಗಳಿರುವ ತಾಂತ್ರಿಕ ಕೆಲಸ ಬಳಸದೆ ಬಿಟ್ಟರೆ ಬೇಗ ಮರೆಯುತ್ತದೆ, ನೆಟ್‌ವರ್ಕ್ ಕ್ಷೇತ್ರದಲ್ಲಂತೂ ಉಪಕರಣಗಳೇ ಬದಲಾಗುತ್ತವೆ. ಒಂದೂವರೆ ವರ್ಷದ ಅಂತರವನ್ನು ಓದಿನಿಂದ, ಸ್ವಂತ ಕಂಪ್ಯೂಟರ್‌ನಲ್ಲಿ ಅಭ್ಯಾಸದಿಂದ ತುಂಬಿಕೊಳ್ಳಬಹುದು. ಐದು ವರ್ಷವಾದರೆ ಹೊಸದಾಗಿ ಕಲಿತಷ್ಟೇ ಆಗುತ್ತದೆ. ಪ್ರಮಾಣಪತ್ರಗಳ ಅವಧಿ ಮುಗಿಯುವ ಮೊದಲು ನವೀಕರಿಸಿಕೊಳ್ಳುವುದಕ್ಕೆ ಅವನು ರಜೆಯ ದಿನಗಳನ್ನು ಬಳಸಲಿ, ಸಾಧ್ಯವಿದ್ದರೆ ಆ ಖರ್ಚನ್ನು ಮನೆಯವರು ವಹಿಸಿಕೊಳ್ಳಿ.

ದಾಖಲೆ ತಿದ್ದಿಸಿ, ಟ್ರೇಡ್ ಟೆಸ್ಟ್‌ಗೆ ಮನವಿ ಕೊಟ್ಟು, ಎರಡು ಹಂಚಿಕೆಯ ಸುತ್ತುಗಳು ಕಳೆದರೂ ಏನೂ ಬದಲಾಗದಿದ್ದರೆ, ಒಪ್ಪಂದ ಮುಗಿಯುವಾಗ ಮುಂದುವರಿಸದೆ ಹೊರಬರಲು ಅವನು ತಯಾರಿ ಮಾಡಿಕೊಳ್ಳುವುದು ಸರಿಯಾದ ನಿರ್ಧಾರವೇ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಅದಕ್ಕೆ ಮೊದಲು ಈ ತಿಂಗಳಲ್ಲೇ ಅವನು ತನ್ನ ದಾಖಲೆಯ ನಾಗರಿಕ ಅನುಭವದ ಕಾಲಂ ಅನ್ನು ನೋಡಿ ನಿಮಗೆ ತಿಳಿಸಲಿ. ಅದು ಖಾಲಿ ಇದ್ದರೆ, ನೀವು ಕೇಳಿದ ಮೊದಲ ಪ್ರಶ್ನೆಗೆ ಕಾರಣದ ಬಹುಪಾಲು ಅಲ್ಲಿಯೇ ಸಿಗುತ್ತದೆ.